ಟ್ರಂಕ್ ಕಾಲ್‌ನಲ್ಲಿ ಅರ್ಧ ಕೇಳಿಸಿದ ಮಾತು

ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ನನಗೆ ಈಗಲೂ ಕಲ್ಲಿನ ಸದ್ದು ಕೇಳಿಸುತ್ತದೆ. ಮನೆಯಲ್ಲಿ ಮಿಕ್ಸಿ ಇದೆ, ಗ್ರೈಂಡರ್ ಇದೆ. ಕಡೆಯುವ ಕಲ್ಲು ಎಂಬುದು ನಮ್ಮ ಇಡೀ ಬಿಲ್ಡಿಂಗಿನಲ್ಲಿ ಹುಡುಕಿದರೂ ಸಿಗದು. ಆದರೂ ಊಟ ಮುಗಿಸಿ ಸ್ವಲ್ಪ ಅಡ್ಡಾಗೋಣ ಎಂದು ಕಣ್ಣು ಮುಚ್ಚಿದರೆ ಸಾಕು, ಗರ್ ಗರ್ ಎಂದು ನಿಧಾನವಾಗಿ ತಿರುಗುವ ಆ ಸದ್ದು ಗೋಡೆಯ ಆಚೆಯಿಂದ ಬರತೊಡಗುತ್ತದೆ. ಹೆಂಡತಿಗೆ ಹೇಳಿದರೆ, "ಕಿವಿ ಡಾಕ್ಟರಿಗೆ ತೋರಿಸಿ" ಎನ್ನುತ್ತಾಳೆ. ಕಿವಿಯದ್ದೇ ತೊಂದರೆ, ಅದು ನಿಜ. ಆದರೆ ಈಗಿನ ಕಿವಿಯದ್ದಲ್ಲ, ಆಗಿನ ಕಿವಿಯದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕುರ್ಲಾ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ನಾನು ಸಪ್ಲೈಯರ್ ಆಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ನೈಟ್ ಸ್ಕೂಲಿಗೆ ಹೋಗಿ ಮೆಟ್ರಿಕ್ ಪಾಸು ಮಾಡಿಕೊಂಡಿದ್ದೆನಾದ್ದರಿಂದ ತಲೆಯ ಮೇಲೆ ಎರಡು ಕೊಂಬು ಮೂಡಿದ್ದವು. ಹೋಟೆಲಿನ ಧಣಿಗಳು ನಮ್ಮ ಕಡೆಯವರು, ಕೆಲಸಕ್ಕಿದ್ದವರೂ ಬಹುಪಾಲು ನಮ್ಮ ಕಡೆಯವರೇ. ಗಿರಾಕಿಗಳೊಡನೆ ಹಿಂದಿ, ಮರಾಠಿ. ಊರಿಗೆ ಕಾಗದ ಬರೆಯುವುದು ಕನ್ನಡದಲ್ಲಿ. ಒಳಗೆ ನಮ್ಮ ನಮ್ಮಲ್ಲಿ ಆಡುವುದೆಲ್ಲ ತುಳು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಮಾಡಿದ ತಪ್ಪು ತುಳುವಿನಲ್ಲಿ ಮಾತ್ರ ಆಗಬಹುದಾದ ತಪ್ಪು.

ಹೋಟೆಲಿನ ಹಿಂಭಾಗದಲ್ಲಿ ಮೂರು ಕಡೆಯುವ ಕಲ್ಲುಗಳಿದ್ದವು, ಮೂವರು ಕಡೆಯುವವರು. ಇಡ್ಲಿ ದೋಸೆಯ ಹಿಟ್ಟು, ವಡೆಯ ಹಿಟ್ಟು, ಚಟ್ನಿ, ಸಾಂಬಾರಿನ ಮಸಾಲೆ ಎಲ್ಲ ಅವರ ತೋಳಿನಿಂದಲೇ ಆಗಬೇಕು. ಮೂವರಲ್ಲಿ ಹಿರಿಯರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ನಲವತ್ತೈದರ ಆಸುಪಾಸು. ವರ್ಷಗಟ್ಟಲೆ ಗುಂಡುಕಲ್ಲು ತಿರುಗಿಸಿ ಅವರ ಬಲಭುಜ ಎಡಭುಜಕ್ಕಿಂತ ಎತ್ತರವಾಗಿಬಿಟ್ಟಿತ್ತು. ಅಂಗಿ ಹಾಕಿದರೆ ಒಂದು ಕಡೆ ಎಳೆದುಕೊಂಡೇ ನಿಲ್ಲುತ್ತಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೂರಕ್ಕೆ ಅವರು ಮಣೆ ಹಾಕಿ ಕೂತರೆಂದರೆ ಮುಗಿಯಿತು, ಯಾರೂ ಮಾತನಾಡಿಸುವಂತಿಲ್ಲ. ಬೆವರು ಹಿಟ್ಟಿಗೆ ಬೀಳದಂತೆ ಹಣೆಗೆ ಬೈರಾಸು ಬಿಗಿದು, ಬಲಗೈಯಲ್ಲಿ ಗುಂಡು ತಿರುಗಿಸುತ್ತ ಎಡಗೈಯಲ್ಲಿ ಹಿಟ್ಟನ್ನು ಒಳಕ್ಕೆ ತಳ್ಳುತ್ತ, ತಲೆ ತಗ್ಗಿಸಿ ಕೇಳುತ್ತ ಕೂರುವರು. ಹೌದು, ಕೇಳುತ್ತ. ಅಕ್ಕಿ ನುಣ್ಣಗಾಗುತ್ತ ಬಂದ ಹಾಗೆ ಕಲ್ಲಿನ ಸದ್ದು ತಗ್ಗುತ್ತದಂತೆ. ಒಂದು ಹಂತಕ್ಕೆ ಬಂದಾಗ, ನಮಗೆ ಯಾರಿಗೂ ಏನೂ ಗೊತ್ತಾಗದಿದ್ದರೂ, ಅವರು ತಟ್ಟನೆ ಕೈ ನಿಲ್ಲಿಸಿ, "ಆಯ್ತು" ಎನ್ನುತ್ತಿದ್ದರು.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ತಿಂಗಳಿಗೊಂದು ಸಲ ಊರಿನ ಹೆಂಡತಿಗೆ ಇನ್‌ಲ್ಯಾಂಡ್ ಲೆಟರ್ ಬರೆದು ಕೊಡುತ್ತಿದ್ದವನು ನಾನು. "ಕ್ಷೇಮ ಅಂತ ಬರಿ" ಎನ್ನುವರು. ಮತ್ತೆ ಯೋಚಿಸಿ, "ಮಕ್ಕಳನ್ನು ಶಾಲೆಗೆ ತಪ್ಪಿಸ್ಬೇಡ ಅಂತ ಬರಿ" ಎನ್ನುವರು. ಅಷ್ಟಕ್ಕೇ ಅವರ ಮಾತು ಮುಗಿಯುತ್ತಿತ್ತು. ಉಳಿದ ಜಾಗವನ್ನು ನಾನೇ ಮುಂಬಯಿಯ ಮಳೆ, ಸೆಕೆ, ಜನಜಂಗುಳಿ ಎಂದು ತುಂಬಿಸಿ ಕಳಿಸುತ್ತಿದ್ದೆ.

ಹೀಗಿರುವಾಗ ಕೊಯಮತ್ತೂರಿನಿಂದ ಮೆಷಿನ್ ಬಂತು. ಕರೆಂಟಿನಲ್ಲಿ ತಿರುಗುವ ಗ್ರೈಂಡರ್. ಧಣಿಗಳು ಅದಕ್ಕೆ ಕುಂಕುಮ ಇಟ್ಟು, ಹೂವಿನ ಮಾಲೆ ಹಾಕಿ, ನಿಂಬೆಹಣ್ಣು ಕೊಯ್ದು ಸ್ವಿಚ್ ಒತ್ತಿದರು. ಭರ್ ಎಂದು ಅದು ಶುರುವಾದಾಗ ನಾವೆಲ್ಲ ಎರಡು ಹೆಜ್ಜೆ ಹಿಂದೆ ಸರಿದೆವು. ಅಣ್ಣ ಮಾತ್ರ ಹತ್ತಿರ ಹೋಗಿ ಕಿವಿಯಿಟ್ಟು ಕೇಳಿ, "ಇದಕ್ಕೆ ಮೊದಲಿನಿಂದ ಕೊನೆಯವರೆಗೂ ಒಂದೇ ಸ್ವರ ಮಾರಾಯ. ಆದದ್ದು ಗೊತ್ತಾಗುದು ಹೇಗೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೆಷಿನ್ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಿ ಅರ್ಥ ಹೇಳಿದವನು ನಾನಾದ್ದರಿಂದ ಅದರ ಜವಾಬ್ದಾರಿ ನನ್ನ ಕೈಗೇ ಬಂತು. ಟೇಬಲ್ ಒರೆಸುವುದರಿಂದ ನನಗೆ ಬಿಡುಗಡೆ! ಕೊಂಬು ಇನ್ನಷ್ಟು ಉದ್ದವಾದವು. ಆ ತಿಂಗಳೇ ಕಡೆಯುವವರಲ್ಲಿ ಇಬ್ಬರಿಗೆ ಧಣಿಗಳು ಲೆಕ್ಕ ಚುಕ್ತಾ ಮಾಡಿ ಊರಿಗೆ ಬಸ್ಸು ಹತ್ತಿಸಿದರು. ಅಣ್ಣನನ್ನು ಚಟ್ನಿಗೆಂದು ಉಳಿಸಿಕೊಂಡರು. "ಅವನ ವಿಷಯ ನಾನು ಆಲೋಚನೆ ಮಾಡಿ ಹೇಳ್ತೇನೆ" ಎಂದು ನನ್ನ ಬಳಿ ಅಂದಿದ್ದರು.

ಗಿರಾಕಿಗಳಿಗೆ ಧಣಿಗಳು ಕೊಟ್ಟ ಮಾತು ಬೇರೆಯೇ ಇತ್ತು. ಮೆಷಿನ್ ಬಂತು, ಇನ್ನು ದೋಸೆಯ ರೇಟು ಏರುವುದಿಲ್ಲ ಎಂದು ಗಲ್ಲಾದಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದರು. ಆದರೆ ಅಕ್ಕಿ, ಉದ್ದಿನಬೇಳೆ, ಎಣ್ಣೆ ಎಲ್ಲವೂ ತುಟ್ಟಿಯಾದ ಕಾಲ ಅದು. ಆರು ತಿಂಗಳೊಳಗೆ ಎರಡು ಸಲ ಬೋರ್ಡು ಅಳಿಸಿ ಬರೆದದ್ದು ನಾನೇ. ರೈಲ್ವೆಯ ಒಬ್ಬ ಮರಾಠಿ ಗಿರಾಕಿ ಬೋರ್ಡು ನೋಡಿ, "ಕ್ಯಾ ಶೇಟ್, ಮಶೀನ್ ಆಯಾ ತೋ ಭಾವ್ ಕಮ್ ಹೋನಾ ಚಾಹಿಯೇ ನಾ?" ಎಂದ. ಮೆಷಿನ್ ಬಂದ ಮೇಲೆ ರೇಟು ಇಳಿಯಬೇಕಲ್ಲವೇ ಎಂದು ಅವನ ತಕರಾರು. ಧಣಿಗಳು ನಕ್ಕು ಅವನ ಕೈಗೆ ಸೋಂಪು ಹಾಕಿದರು. ಅವರದ್ದೂ ಸುಳ್ಳಲ್ಲ, ಇಬ್ಬರ ಸಂಬಳ ಉಳಿಯದಿದ್ದರೆ ರೇಟು ಇನ್ನೂ ಏರಿಸಬೇಕಾಗುತ್ತಿತ್ತು ಎಂದು ಅವರು ನಂಬಿದ್ದರು. ಸಾಂತಾಕ್ರೂಜ್‌ನಲ್ಲಿ ಇನ್ನೊಂದು ಹೋಟೆಲಿಗೆ ಜಾಗ ನೋಡಿಟ್ಟದ್ದೂ ಅದೇ ವರ್ಷ. ಅಲ್ಲಿಗೆ ಕಲ್ಲು ತರುವ ಮಾತೇ ಇರಲಿಲ್ಲ.

ಜೂನ್ ಬರುವ ಮೊದಲು ಧಣಿಗಳು ತಂಗಿಯ ಮಗಳ ಮದುವೆಗೆಂದು ಒಂದು ತಿಂಗಳ ಮಟ್ಟಿಗೆ ಊರಿಗೆ ಹೋದರು. ಅಡುಗೆಮನೆಯ ಮೇಲ್ವಿಚಾರಣೆ ನನಗೆ. ಆಗಲೇ ತೊಂದರೆ ಶುರುವಾಯಿತು. ಮೆಷಿನ್ ವೇಗಕ್ಕೆ ಹಿಟ್ಟು ಬಿಸಿಯಾಗುತ್ತಿತ್ತು. ಮುಂಬಯಿಯ ಆ ಸೆಕೆಯಲ್ಲಿ ಬಿಸಿ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕಿ ಹುಳಿಯಾಗಿಬಿಡುತ್ತಿತ್ತು. ಇಡ್ಲಿ ಹೇಗೋ ನಡೆಯಿತು, ದೋಸೆ ಬಾಯಿಗಿಡಲಾಗದು. ಕಟ್ಟಡ ಕೆಲಸದ ವಿಜಾಪುರದ ಕಡೆಯ ಒಬ್ಬ ಗಿರಾಕಿ ತಟ್ಟೆ ತಳ್ಳಿ, "ಏನ್ರೀ ಇದು, ದ್ವಾಸಿ ಅಂತ ಹೇಳಿ ಹುಣಸೀಹಣ್ಣ ತಿನ್ನಸ್ತೀರಲ್ಲ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ನಾನು ಧಣಿಗಳಿಗೆ ಕಾಗದ ಬರೆದೆ: ಮೆಷಿನ್ ಹಿಟ್ಟು ಹುಳಿ ಬರುತ್ತಿದೆ, ಗಿರಾಕಿಗಳು ಗೊಣಗುತ್ತಿದ್ದಾರೆ, ಅಣ್ಣನ ವಿಷಯ ಏನು ಮಾಡುವುದು ತಿಳಿಸಿ.

ಕಾಗದ ಹಾಕಿ ನಾಲ್ಕೈದು ದಿನವಾಗಿರಬೇಕು. ಬೆಳಿಗ್ಗೆ ನಾನು ದೋಸೆ ಹಿಟ್ಟಿಗೆ ನೀರು ಬೆರೆಸಿ ಹುಳಿ ಮರೆಮಾಚುತ್ತಿದ್ದೆ. ಅಣ್ಣ ಹಿಂದಿನಿಂದ ಬಂದವರೇ ಪಾತ್ರೆಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು. ಇಡೀ ಪಾತ್ರೆಯನ್ನು ಎತ್ತಿ ಮೋರಿಗೆ ಸುರಿದುಬಿಟ್ಟರು. ನಾನು, "ಹುಚ್ಚಾ ನಿಮಗೆ?" ಎಂದು ಕಿರುಚಿದೆ. "ಹುಚ್ಚು ನಿನಗೆ. ಪುಸ್ತಕ ಓದಿದವನು ನಾಲಿಗೆಗೆ ಹಾಕಿ ನೋಡ್ಬೇಕಿತ್ತು" ಎಂದರು. ಅಡುಗೆಯ ಭಟ್ಟರಿಂದ ಹಿಡಿದು ಪಾತ್ರೆ ತಿಕ್ಕುವವರ ತನಕ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇವರ ಸೊಕ್ಕು ಇಳಿಯಲೇಬೇಕು ಎಂದು ಹಲ್ಲು ಕಚ್ಚಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಮುಂದಿನದ್ದಕ್ಕೆ ಅರ್ಥವಿಲ್ಲ.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಟ್ರಂಕ್ ಕಾಲ್ ಬಂತು. ಊಟದ ಗದ್ದಲ. ಗಲ್ಲಾದ ಪಕ್ಕದ ಫೋನು. ಹೊರಗೆ ಗೂಡ್ಸ್ ರೈಲು ದಡಬಡಿಸಿಕೊಂಡು ಹೋಗುತ್ತಿತ್ತು. ಒಂದು ಕಿವಿ ಬೆರಳಿನಿಂದ ಮುಚ್ಚಿ ಹಲೋ ಹಲೋ ಎಂದು ಕೂಗಿದೆ. ಧಣಿಗಳ ಸ್ವರ ಬಾವಿಯೊಳಗಿನಿಂದ ಬಂದಂತೆ ಬರುತ್ತಿತ್ತು. ಕಾಗದ ಸಿಕ್ಕಿತು ಎಂದರು. ಮತ್ತೆ ಏನೋ ಗಿಜಿಗಿಜಿ. ಕೊನೆಗೆ "ಆಯ..." ಎಂದದ್ದು ಕೇಳಿತು, ತುಳುವಿನಲ್ಲಿ ಆಯ ಎಂದರೆ ಅವನು, ಅಂದರೆ ಅಣ್ಣನ ವಿಷಯ. ಅದರ ಹಿಂದೆಯೇ "ಕಡಪ್..." ಎಂದದ್ದು ಕೇಳಿತು. ಮಾತಿನ ಬಾಲ ರೈಲಿನ ಸದ್ದಿನಲ್ಲಿ ಹೋಯಿತು. ಲೈನೂ ಹೋಯಿತು.

ತುಳುವಿನಲ್ಲಿ ಹಿಟ್ಟು ಅರೆಯುವುದಕ್ಕೆ ಕಡೆಪುನಿ ಎನ್ನುತ್ತೇವೆ. ಕಳಿಸಿಬಿಡುವುದಕ್ಕೆ ಕಡಪುಡುನಿ. "ಆಯಡ ಕಡೆಪೆರೆ ಪನ್ಲ" ಎಂದರೆ ಅವನಿಗೆ ಕಡೆಯಲು ಹೇಳು. "ಆಯನ್ ಕಡಪುಡ್ಲ" ಎಂದರೆ ಅವನನ್ನು ಕಳಿಸಿಬಿಡು. ಎರಡೂ ಮಾತಿಗೆ ತಲೆ ಹೆಚ್ಚುಕಡಿಮೆ ಒಂದೇ, ಬಾಲ ಬೇರೆ. ಬಾಲ ನನಗೆ ಕೇಳಲಿಲ್ಲ.

ಈಗ ಹೇಳಿ, ಹಿಟ್ಟು ಹುಳಿಯಾಗುತ್ತಿದೆ ಎಂದು ನಾನೇ ಬರೆದ ಕಾಗದಕ್ಕೆ ಬಂದ ಉತ್ತರ ಅದು. ಬುದ್ಧಿ ನೆಟ್ಟಗಿರುವ ಯಾವನಿಗಾದರೂ ಧಣಿಗಳು ಏನು ಅಂದಿರಬಹುದು ಎಂದು ಹೊಳೆಯದೆ ಇರುತ್ತದೆಯೇ? ತಿರುಗಿ ಕಾಲ್ ಬುಕ್ ಮಾಡಿ ಕೇಳಬಹುದಿತ್ತು. ಎರಡು ಸಾಲು ಬರೆದು ಕೇಳಬಹುದಿತ್ತು. ನಾನು ಫೋನು ಇಟ್ಟು ನೇರವಾಗಿ ಹಿಂದಕ್ಕೆ ನಡೆದೆ.

ಅಣ್ಣ ಅವತ್ತು ಬೇಗ ಕೂತಿದ್ದರು. ಮೆಷಿನ್ ನಂಬದೆ ಭಟ್ಟರು ಅವರಿಗೇ ದೋಸೆ ಅಕ್ಕಿ ಕೊಟ್ಟಿದ್ದರು.

"ಧಣಿಗಳ ಫೋನು ಬಂತು" ಎಂದೆ.

ಅವರು ಕೈ ನಿಲ್ಲಿಸಲಿಲ್ಲ. "ಎಂತ ಹೇಳಿದ್ರು?"

"ನಿಮ್ಮ ವಿಷಯವೇ."

ಆಗ ಗುಂಡು ನಿಂತಿತು. "ಅವರು ಹೇಳಿದ ಮಾತೇ ಹೇಳು. ನಿನ್ನ ಮಾತು ಬೇಡ."

"ಆಯನ್ ಕಡಪುಡ್ಲ ಅಂದ್ರು" ಎಂದೆ.

ಅವರು ನನ್ನನ್ನೇ ನೋಡಿದರು. "ಲೈನ್ ಸರಿ ಇತ್ತಾ? ಸರಿಯಾಗಿ ಕೇಳಿತಾ ನಿನಗೆ?"

"ಸರಿಯಾಗಿ ಕೇಳಿತು."

ಇಷ್ಟೇ. ನನ್ನ ಬದುಕಿನಲ್ಲಿ ನಾನು ಸಣ್ಣಪುಟ್ಟ ಸುಳ್ಳು ಎಷ್ಟು ಹೇಳಿದ್ದೇನೋ ದೇವರಿಗೇ ಗೊತ್ತು. ಆದರೆ ಈ ಎರಡು ಪದ ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು, ಮತ್ತು ಹೇಳಿದ ಮೇಲೆ ಒಂದು ಗಳಿಗೆ ಹಾಯೆನಿಸಿತು.

ಅವರು ಜಗಳ ಮಾಡಲಿಲ್ಲ. ಕಲ್ಲಿನಲ್ಲಿ ಅರ್ಧ ಆಗಿದ್ದ ಹಿಟ್ಟನ್ನು ಪೂರ್ತಿ ಕಡೆದು ತೆಗೆದರು. ಕಲ್ಲು ತೊಳೆದರು. ಮೈಮೇಲೆ ನೀರು ಸುರಿದುಕೊಂಡು, ಆ ಒಂದೇ ಕಡೆ ಎಳೆದುಕೊಳ್ಳುವ ಅಂಗಿ ಹಾಕಿ, ತಗಡಿನ ಟ್ರಂಕು ಎತ್ತಿಕೊಂಡು ನನ್ನ ಬಳಿ ಬಂದರು. "ಊರಿಗೆ ಈಗ ಬರೀಬೇಡ. ಬೇರೆ ಕಡೆ ಸೇರಿಕೊಂಡು ಹೇಳ್ತೇನೆ, ಆಗ ಬರಿ" ಎಂದರು. ಅಷ್ಟಾದ ಮೇಲೂ ಕಾಗದ ಬರೆಯಲು ಅವರಿಗೆ ನಾನೇ ಬೇಕಾಗಿತ್ತು. ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಮಾತು ಧಣಿಗಳದ್ದಲ್ಲವೇ? ನಾನು ಬರೀ ಬಾಯಿ.

ಧಣಿಗಳು ಮಳೆಗಾಲ ಹಿಡಿದ ಮೇಲೆ ಬಂದರು. ಬಂದವರೇ ಹಿಂದಕ್ಕೆ ಹೋಗಿ ನೋಡಿ, "ಅವ ಎಲ್ಲಿ? ದೋಸೆ ಹಿಟ್ಟು ಅವನ ಹತ್ರವೇ ಕಡೆಸು ಅಂತ ನಾನು ಫೋನಿನಲ್ಲಿ ಬಡ್ಕೊಂಡದ್ದಲ್ವಾ?" ಎಂದರು. ಕೇಳಿಸಲಿಲ್ಲ ಎಂದಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು. "ಅವರಾಗಿಯೇ ಬಿಟ್ಟು ಹೋದ್ರು" ಎಂದೆ. ಧಣಿಗಳು ಹುಬ್ಬು ಗಂಟಿಕ್ಕಿ, "ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಹೇಳಿ ಹೋಗುವಷ್ಟೂ ಇಲ್ವಾ? ಹೋಗ್ಲಿ ಬಿಡು" ಎಂದರು. ಮೆಷಿನ್‌ಗೆ ಹಾಕುವ ನೀರಿಗೆ ಐಸ್ ಬೆರೆಸುವುದನ್ನು ಅಷ್ಟರಲ್ಲಿ ಯಾರೋ ಹೇಳಿಕೊಟ್ಟಿದ್ದರು. ದೋಸೆ ಸರಿಹೋಯಿತು. ಕಲ್ಲಿಗೆ ಇನ್ನೊಬ್ಬನನ್ನು ಅವರು ಹುಡುಕಲಿಲ್ಲ.

ಅಣ್ಣ ಬೇರೆ ಹೋಟೆಲು ಸೇರಿಕೊಂಡಿರುತ್ತಾರೆ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಯಾವ ಹೋಟೆಲು? ನಾವು ಮೆಷಿನ್ ತಂದದ್ದು ನೋಡಿ ಚೆಂಬೂರಿನವರು ತಂದರು, ಅವರನ್ನು ನೋಡಿ ಘಾಟ್ಕೋಪರಿನವರು ತಂದರು. ಸುದ್ದಿ ಕೊಟ್ಟವಳು ಟಾಂಕಿಯವಳು. ಕಲ್ಲು ಸವೆದು ನುಣುಪಾದರೆ ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುವ ಹೆಂಗಸು, "ಟಾಂಕೀ" ಎಂದು ಕೂಗುತ್ತ ಮುಂಬಯಿಯ ಚಾಳುಗಳಲ್ಲೆಲ್ಲ ಓಡಾಡುವವಳು, ವಿಜಾಪುರದ ಕಡೆಯವಳು. ಒಂದು ದಿನ ಹಿಂದಿನ ಬಾಗಿಲಿನಲ್ಲಿ ನಿಂತು, ಕಲ್ಲುಗಳ ಮೇಲೆ ಗೋಣಿ ಹೊದಿಸಿಟ್ಟದ್ದನ್ನು ನೋಡಿ ನಿಟ್ಟುಸಿರು ಬಿಟ್ಟಳು. "ನಮ್ಮ ಹೊಟ್ಟೀಮ್ಯಾಲೂ ಗೋಣಿ ಹೊಚ್ಚಿದ್ರಿ ನೀವು" ಎಂದಳು. ಮತ್ತೆ, "ನಿಮ್ಮ ಅಣ್ಣಾರು ಜೋಗೇಶ್ವರ್ಯಾಗ ಅದಾರ್ರೀ. ನಾಲೆ ಬಾಜೂಕ ಒಂದು ಕಾರ್ಖಾನಿ ಮುಂದ ಕೈಗಾಡಿ ದಬ್ತಾರ. ನನ್ನ ನೋಡಿ ಮುಖಾ ತಿರುವಿದ್ರು" ಎಂದಳು.

ಮುಂದಿನ ರಜೆಯ ದಿನ ದಾದರಿನಲ್ಲಿ ಗಾಡಿ ಬದಲಾಯಿಸಿ ಜೋಗೇಶ್ವರಿಗೆ ಹೋದೆ. ಸತ್ಯ ಹೇಳಿ ಕರೆದುಕೊಂಡು ಬರಲೆಂದೇ ಹೋದೆ, ಆಣೆ ಮಾಡಿ ಹೇಳುತ್ತೇನೆ. ನಾಲೆಯ ಬದಿಯ ಗಲ್ಲಿಯಲ್ಲಿ ಕಬ್ಬಿಣದ ಚೂರು ತುಂಬಿದ ಕೈಗಾಡಿ ಎದುರಿನಿಂದ ಬರುತ್ತಿತ್ತು. ಮೊದಲು ಕಂಡದ್ದು ಆ ಎತ್ತರದ ಬಲಭುಜ. ಮುಖ ಒಣಗಿ ಹೋಗಿತ್ತು. ನಾನು ಒಂದು ಬೀಡಿ ಅಂಗಡಿಯ ಹಿಂದೆ ಸರಿದು ನಿಂತೆ. ಗಾಡಿ ನನ್ನ ಪಕ್ಕದಲ್ಲೇ ಹಾದುಹೋಯಿತು, ಅವರ ಏದುಸಿರು ಕೇಳುವಷ್ಟು ಹತ್ತಿರ. ಅದು ತಿರುವಿನಾಚೆ ಮರೆಯಾಗುವ ತನಕ ಅಲ್ಲೇ ನಿಂತಿದ್ದೆ. ಲೋಕಲ್ ಹಿಡಿದು ವಾಪಸು ಬಂದೆ. ಆಮೇಲಿನ ವರ್ಷಗಳಲ್ಲಿ ಆ ಗಲ್ಲಿಗೆ ಎಷ್ಟೋ ಸಲ ಹೋದೆ, ಅವರು ಮತ್ತೆ ಕಾಣಸಿಗಲಿಲ್ಲ. ಲೋಕಲಿನ ಜನರಲ್ಲಿ ಯಾರದ್ದಾದರೂ ಅಂಗಿ ಒಂದು ಕಡೆ ಎಳೆದುಕೊಂಡಿದ್ದರೆ ಈಗಲೂ ಮುಂದಕ್ಕೆ ಹೋಗಿ ಮುಖ ನೋಡುತ್ತೇನೆ. ಆದರೆ ನಾನು ಹೇಳಲು ಹೊರಟಿರುವ ದಿನ, ಅವರು ಇನ್ನೂ ಅಲ್ಲಿಯೇ ಇದ್ದರು.

ಅದು ಜೋಗೇಶ್ವರಿಗೆ ಹೋಗಿ ಬಂದ ಎರಡನೆಯ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಹೆಂಗಸು ತಮ್ಮನ ಜೊತೆ ಹೋಟೆಲಿನ ಬಾಗಿಲಿಗೆ ಬಂದರು. ಊರಿನ ಬಸ್ಸಿನ ಧೂಳು ಇನ್ನೂ ಸೀರೆಯ ಮೇಲಿತ್ತು. ಅಣ್ಣನ ಹೆಂಡತಿ ಎಂದು ಹೇಳಿಕೊಂಡರು. ಧಣಿಗಳು ಗಲ್ಲಾದಿಂದಲೇ ಫ್ಯಾಮಿಲಿ ರೂಮಿಗೆ ಕೈ ತೋರಿಸಿ, "ಮೊದಲು ತಿಂಡಿ ಕೊಡು" ಎಂದು ನನಗೆ ಹೇಳಿದರು. ನಾನು ಇಡ್ಲಿ ತಂದಿಟ್ಟೆ.

ಅವರು ಒಂದು ತುತ್ತು ತಿಂದರು. ಮುಖ ಸ್ವಲ್ಪ ಅರಳಿತು. "ಇದು ಅವರು ಕಡೆದ ಹಿಟ್ಟಾ?" ಎಂದು ಕೇಳಿದರು.

ಅಣ್ಣ ಈಗ ಇಲ್ಲಿಲ್ಲ ಎಂದೆ. ಹೋಗಿ ಆರು ತಿಂಗಳಾಯಿತು, ಎಲ್ಲಿದ್ದಾರೋ ಗೊತ್ತಿಲ್ಲ ಎಂದೆ.

ಅವರು ತುತ್ತನ್ನು ತಟ್ಟೆಗೆ ಇಳಿಸಿದರು. ತಮ್ಮ, "ನಾನು ಹೇಳ್ಲಿಲ್ವಾ? ಇಲ್ಲಿ ಯಾರನ್ನೋ ಕಟ್ಕೊಂಡಿರ್ಬೇಕು. ಹೋದವರನ್ನು ಹುಡುಕ್ಕೊಂಡು ನಾವು ಬಂದದ್ದೇ ದಂಡ" ಎಂದ.

"ನೀನು ಬಾಯಿ ಮುಚ್ಚು" ಎಂದರು ಆಕೆ. ಮತ್ತೆ ನನ್ನ ಕಡೆ ತಿರುಗಿ, "ಕಾಗದ ಬರೀತಿದ್ದದ್ದು ನೀವೇ ಅಲ್ವಾ? ನಿಮ್ಮ ಅಕ್ಷರ ನೋಡಿದ್ರೆ ನಮಗೆ ಧೈರ್ಯ ಬರ್ತಿತ್ತು. ನೀವೇ ಹೇಳಿ. ಅವರಾಗಿ ಬಿಟ್ಟು ಹೋದದ್ದಾ, ಇಲ್ಲ ಇವರು ಕಳಿಸಿದ್ದಾ? ಕಳಿಸಿದ್ದಾದ್ರೆ, ಪಾಪ, ನಾಚಿಕೆಯಿಂದ ಎಲ್ಲೋ ಕೂತಿದ್ದಾರೆ. ನಾನು ಈ ಮುಂಬಯಿ ಪೂರ್ತಿ ಹುಡುಕ್ತೇನೆ. ಅವರಾಗಿ ಬಿಟ್ಟು ಹೋದದ್ದಾದ್ರೆ ಹುಡುಕುದಿಲ್ಲ. ನಮ್ಮನ್ನೂ ಬಿಟ್ಟ ಹಾಗೆಯೇ."

ನಾಲೆಯ ಬದಿಯ ಆ ಗಲ್ಲಿ ನನ್ನ ಕಣ್ಣ ಮುಂದೆಯೇ ಇತ್ತು. ಮಧ್ಯಾಹ್ನದ ಊಟದೊಳಗೆ ಆಕೆಯನ್ನು ಅವರ ಮುಂದೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ, ಕಡಪುಡ್ಲ ಎಂದು ಯಾರು ಹೇಳಿದರೆಂಬುದು ಅಲ್ಲಿಯೇ ಹೊರಬೀಳುತ್ತಿತ್ತು. ಧಣಿಗಳು ಎದ್ದು ಬಂದು ಫ್ಯಾಮಿಲಿ ರೂಮಿನ ಪರದೆಯ ಹತ್ತಿರ ನಿಂತಿದ್ದರು.

"ಅವರಾಗಿಯೇ ಬಿಟ್ಟು ಹೋದ್ರು ಅಕ್ಕ" ಎಂದೆ.

ಆಕೆ ಅಳಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೈ ತೊಳೆದುಕೊಂಡು ಬಂದರು. "ಮಕ್ಕಳಿಗೆ ಇನ್ನು ಅಪ್ಪ ಇಲ್ಲ ಅಂತ ಹೇಳಿಬಿಡ್ತೇನೆ" ಎಂದು ತಮ್ಮನಿಗೆ ಹೇಳಿದರು. ಅವತ್ತಿನ ಬಸ್ಸಿಗೇ ಹೊರಟರು. ಧಣಿಗಳು ದಾರಿಗೆಂದು ಇಡ್ಲಿ ಕಟ್ಟಿಸಿಕೊಟ್ಟು, ಬಸ್ಸಿನ ತನಕ ಬಿಟ್ಟು ಬರಲು ನನ್ನನ್ನೇ ಕಳಿಸಿದರು. ಅವರ ಚೀಲವನ್ನು ಮೇಲಿಟ್ಟು ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ. ಬಸ್ಸು ಹೊರಡುವಾಗ ಆಕೆ ಹೊರಕ್ಕೆ ಬಾಗಿ ನನಗೆ ಕೈಮುಗಿದರು.

"ಇದ್ದದ್ದು ಇದ್ದ ಹಾಗೆ ಹೇಳಿದ್ರಲ್ಲ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಎಂದರು.